ಉದ್ಯೋಗದ ಏರಿಳಿತ, ರಸ್ತೆಯ ಏರಿಳಿತ

ಒಂದು ದೇಶದಲ್ಲಿ ಎಷ್ಟು ಜನರಿಗೆ ಕೆಲಸವಿದೆ ಎಂಬುದು ಅಲ್ಲಿನ ವಾಹನಗಳು ಕ್ರಮಿಸುವ ಒಟ್ಟು ದೂರದಲ್ಲೂ ಕಾಣುತ್ತದೆ ಎಂಬುದಕ್ಕೆ ಅಮೆರಿಕದ ಲೆಕ್ಕಗಳಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. 2007ರಲ್ಲಿ ಅಲ್ಲಿನ ವಾಹನಗಳು ಸುಮಾರು 3 ಲಕ್ಷ ಕೋಟಿ ಮೈಲಿ ಓಡಿದ್ದವು. ಆರ್ಥಿಕ ಹಿಂಜರಿತ ಬಿಗಿಯಾದಂತೆ ಮರುವರ್ಷವೇ ಆ ಮೊತ್ತ ಕುಗ್ಗಿತು. 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ. 10ಕ್ಕೆ ಏರಿತು. 2008ರ ಬೇಸಿಗೆಯಲ್ಲಿ ಪೆಟ್ರೋಲ್ ಬೆಲೆ ಗ್ಯಾಲನ್‌ಗೆ 4 ಡಾಲರ್ ದಾಟಿದ್ದೂ ಒಂದು ಕಾರಣವೇ, ಆದರೆ ವರ್ಷಾಂತ್ಯಕ್ಕೆ ಅದು 2 ಡಾಲರ್‌ಗಿಂತ ಕೆಳಗಿಳಿದ ಮೇಲೂ ಸಂಚಾರ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಉದ್ಯೋಗಗಳ ಸಂಖ್ಯೆ ಹಿಂಜರಿತಕ್ಕೆ ಮುಂಚಿನ ಮಟ್ಟವನ್ನು ಮುಟ್ಟಿದ್ದು 2014ರಲ್ಲಿ. ಸಂಚಾರ 2007ರ ಮೊತ್ತವನ್ನು ಮೀರಿದ್ದು 2015ರಲ್ಲಿ.

ಕೆಲಸಕ್ಕೆ ಹೋಗಿಬರುವ ಪ್ರಯಾಣ ಒಟ್ಟು ಓಡಾಟದ ಒಂದು ಪಾಲು ಮಾತ್ರ. ಸಂಬಳ ನಿಂತಾಗ ಅಂಗಡಿ, ಹೋಟೆಲು, ಪ್ರವಾಸಗಳ ಓಡಾಟವೂ ನಿಲ್ಲುತ್ತದೆ, ಕಟ್ಟಡ ಕಾಮಗಾರಿ ನಿಂತಲ್ಲಿ ಸಾಮಾನು ಸಾಗಿಸುವ ಲಾರಿಯೂ ನಿಲ್ಲುತ್ತದೆ.

ನನ್ನನ್ನು ಹೆಚ್ಚು ಕಾಡುವುದು ರಸ್ತೆ ಸಾವುಗಳ ಲೆಕ್ಕ. 2007ರಿಂದ 2009ರ ನಡುವೆ ಓಡಾಟ ಶೇ. 3ರಷ್ಟೂ ಇಳಿಯದಿದ್ದರೂ, ಸಾವುಗಳು 41 ಸಾವಿರದಿಂದ 34 ಸಾವಿರಕ್ಕೂ ಕೆಳಗೆ ಇಳಿದವು. ಹಿಂಜರಿತದಲ್ಲಿ ಬೇಗ ಕೆಲಸ ಕಳೆದುಕೊಳ್ಳುವವರು ಯುವಕರು, ಅಪಘಾತದ ಅಪಾಯ ಹೆಚ್ಚಿರುವ ಚಾಲಕರೂ ಅವರೇ. ಇಳಿಕೆಯ ಒಂದು ಭಾಗವನ್ನಾದರೂ ಇದು ವಿವರಿಸುತ್ತದೆ ಎಂದು ನಾನು ನಂಬುತ್ತೇನೆ. ಆದರೆ 2020ರಲ್ಲಿ ಉದ್ಯೋಗವೂ ಓಡಾಟವೂ ಒಟ್ಟಿಗೆ ಕುಸಿದರೂ ಸಾವುಗಳು ಏರಿದವು, ಏಕೆಂದರೆ ಖಾಲಿ ರಸ್ತೆಯಲ್ಲಿ ಉಳಿದ ಚಾಲಕರು ಮಿತಿಮೀರಿದ ವೇಗದಲ್ಲಿ ಓಡಿಸಿದರು. ಆದ್ದರಿಂದ ಉದ್ಯೋಗ ಕುಸಿದ ವರ್ಷಗಳಲ್ಲಿಯೂ ವೇಗದ ಮೇಲಿನ ನಿಗಾ ಸಡಿಲವಾಗಬಾರದು.