ಹಿತ್ತಲ ಕೋಳಿ, ಪಕ್ಕದ ಮನೆ ಮೋತಿ ಮತ್ತು 15 ಫರ್ಸಿ ಕಲ್ಲು

ಏಪ್ರಿಲ್ 9

ಬೆಳಿಗ್ಗೆ ಐದೂವರೆಗೆ ಹಿತ್ತಲ ಬಾಗಿಲು ತೆಗೆದೆ. ಹುಂಜ ಕೂಗುತ್ತಿತ್ತು, ಆದರೆ ಗೂಡಿನ ಕಡೆಯಿಂದ ಅಲ್ಲ, ಬೇವಿನ ಮರದ ಮೇಲಿಂದ. ಆಗಲೇ ಏನೋ ಆಗಿದೆ ಅನ್ನಿಸಿತು. ನೆಲದ ತುಂಬ ಪುಕ್ಕ. ನಾಲ್ಕು ಕೋಳಿ ಸತ್ತು ಬಿದ್ದಿದ್ದವು. ನಾಲ್ಕೂ ಗಿರಿರಾಜ.

ಒಟ್ಟು ಹನ್ನೆರಡು ಇದ್ದವು. ಆರು ಗಿರಿರಾಜ, ಐದು ಜವಾರಿ ಹೇಂಟೆ, ಒಂದು ಜವಾರಿ ಹುಂಜ. ಜವಾರಿ ಆರೂ ಹಾರಿ ಮರ ಹತ್ತಿವೆ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ, ಮೈ ಭಾರ, ಹಾರೋದು ಅಷ್ಟಕ್ಕಷ್ಟೆ. ತೂಕ ಬರುತ್ತೆ ಅಂತಲೇ ತಂದಿದ್ದೆ. ಆ ತೂಕವೇ ಅವಕ್ಕೆ ಮುಳುವಾಯಿತು. ಒಂದು ಕಾಳಿನ ಡಬ್ಬದ ಹಿಂದೆ ಅಡಗಿ ಉಳಿದಿತ್ತು. ಇನ್ನೊಂದಕ್ಕೆ ಬೆನ್ನ ಮೇಲೆ ನಾಯಿಯ ಹಲ್ಲು ಇಳಿದಿತ್ತು, ಕುಂಟುತ್ತಿತ್ತು.

ಸತ್ತ ನಾಲ್ಕರಲ್ಲಿ ಒಂದಕ್ಕೆ ಗಾಯವೇ ಇರಲಿಲ್ಲ. ತಿರುಗಿಸಿ, ರೆಕ್ಕೆ ಎತ್ತಿ ನೋಡಿದೆ. ಒಂದು ಹನಿ ರಕ್ತ ಇಲ್ಲ. ಬರೀ ಹೆದರಿಕೆಗೆ ಸತ್ತಿದೆ. ಯಾವುದನ್ನೂ ತಿಂದಿಲ್ಲ, ಅದೇ ಹೆಚ್ಚು ಸಿಟ್ಟು ಬರಿಸಿದ್ದು. ನಾಯಿಗೆ ಹಸಿವು ಇರಲಿಲ್ಲ. ಓಡುವುದು ಕಂಡರೆ ಹಿಡಿಯಬೇಕು, ಹಿಡಿದು ಕೊಡವಬೇಕು, ಬಿಟ್ಟು ಇನ್ನೊಂದರ ಹಿಂದೆ ಓಡಬೇಕು. ಅಷ್ಟೇ ಅದರ ಆಟ.

ನನ್ನ ತಪ್ಪೂ ಇದೆ, ಇಲ್ಲ ಅನ್ನಲ್ಲ. ಗೂಡು ಅಂದರೆ ಮನೆಯ ಹಿಂಗೋಡೆಗೆ ತಾಗಿಸಿ 10 ಅಡಿ ಉದ್ದ, 8 ಅಡಿ ಅಗಲದ ಜಾಗ. ಒಂದು ಮೂಲೆಗೆ ತಗಡು, ಉಳಿದ ಮೂರು ಕಡೆ ಆರು ಮೂಲೆ ಕಣ್ಣಿನ ಕೋಳಿ ಜಾಲರಿ, ಮೇಲೆ ಬಯಲು. ಆ ಜಾಲರಿ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ. ನಾಯಿ ಒಳಗೆ ಬರೋದನ್ನ ತಡೆಯಲ್ಲ. ಬುಡದಲ್ಲಿ ಮೂತಿ ಹಾಕಿ ಎತ್ತಿದರೆ ಸೀರೆ ನೆರಿಗೆಯ ಹಾಗೆ ಮಡಚಿಕೊಂಡು ಮೇಲೆ ಹೋಗಿತ್ತು.

ಗಾಯದ ಕೋಳಿಗೆ ಉಪ್ಪು ಹಾಕಿದ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಸುತ್ತಲಿನ ಪುಕ್ಕ ಕತ್ತರಿಸಿ, ಅಯೋಡಿನ್ ಹಚ್ಚಿದೆ. ಬೇರೆ ಬುಟ್ಟಿಯಲ್ಲಿ ಮುಚ್ಚಿಟ್ಟೆ. ರಕ್ತ ಕಂಡರೆ ಉಳಿದ ಕೋಳಿಗಳೇ ಕುಕ್ಕಿ ಕುಕ್ಕಿ ಸಾಯಿಸುತ್ತವೆ.

ಏಪ್ರಿಲ್ 10

ಪಕ್ಕದ ಮನೆ ಕಾಕಾನ ಹತ್ತಿರ ಹೋದೆ. ಅವರ ನಾಯಿ ಮೋತಿ ಬಾಗಿಲಲ್ಲೇ ಮಲಗಿತ್ತು. ಮುಧೋಳ ಬೆರಕೆ ಅಂತ ಕಾಕಾ ಹೇಳುತ್ತಾರೆ. ಉದ್ದ ಕಾಲು, ಒಣಕಲು ಹೊಟ್ಟೆ ನೋಡಿದರೆ ಇರಬಹುದು. ಮೀಸೆಗೆ ಬಿಳಿ ಪುಕ್ಕ ಅಂಟಿತ್ತು.

"ನಮ್ ಮೋತಿ ಹಂಗ ಮಾಡಂಗಿಲ್ಲ ತಂಗಿ. ಬೀದಿ ನಾಯಿ ಬಂದಿರಬೇಕು."

ನಾನು ಸುಮ್ನೆ ಮೀಸೆ ತೋರಿಸಿದೆ. ಕಾಕಾ ನೋಡಿದರು, ಹೆಗಲ ಮೇಲಿನ ವಸ್ತ್ರದಿಂದ ಅದರ ಮೂತಿ ಒರೆಸಿದರು. ಒಳಗಿಂದ ಕಾಕಿ ಬಂದು, "ಹೋದ ವರ್ಷ ನಮ್ಮ ಹೇಂಟಿನೂ ಇದೇ ಹಿಡಿದಿತ್ತಲ್ಲ, ಮರತ್ರೇನು?" ಅಂದರು. ಅಲ್ಲಿಗೆ ವಾದ ಮುಗಿಯಿತು. ಕಾಕಾ ಒಂದು ಸಾವಿರ ರೂಪಾಯಿ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಕಟ್ಟಿ ಹಾಕಿ ಅಂದೆ. ರಾತ್ರಿ ಕಟ್ಟುತ್ತೇವೆ ಅಂದರು. ಕಟ್ಟಿದ್ದು ಮೂರು ರಾತ್ರಿ.

ಓಣಿಯಲ್ಲಿ ಒಬ್ಬರಲ್ಲ ಒಬ್ಬರು "ಔಷಧಿ ಹಾಕು, ಮುಗೀತದ" ಅಂತ ಹೇಳಿದರು. ಇಲ್ಲ. ಮೊದಲನೆಯದು, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಗೆ ವಿಷ ಹಾಕಿ ಕೊಂದರೆ 5 ವರ್ಷದವರೆಗೆ ಜೈಲು ಆಗಬಹುದು. ಎರಡನೆಯದು, ಆ ತುತ್ತನ್ನು ನನ್ನ ಕೋಳಿಯೇ ಮೊದಲು ಹೆಕ್ಕಿ ತಿನ್ನುತ್ತೆ. ಮೂರನೆಯದು, ಮೋತಿಗೆ ನಾನೂ ದಿನಾ ತಂಗಳು ರೊಟ್ಟಿ ಹಾಕುತ್ತಿದ್ದೆ.

ಏಪ್ರಿಲ್ 20

ವೆಲ್ಡ್ ಮೆಶ್, ಅಂದರೆ ಬೆಸೆದ ಗಟ್ಟಿ ತಂತಿ ಜಾಲರಿ, ಬಂತು. ಒಂದು ಇಂಚು ಕಣ್ಣಿನದು, 4 ಅಡಿ ಎತ್ತರ. 30 ಅಡಿ ಕತ್ತರಿಸಿ ಕೊಟ್ಟರು, 2,600 ರೂಪಾಯಿ. ಹಳೇ ಕೋಳಿ ಜಾಲರಿಯನ್ನು ಬಿಸಾಡಲಿಲ್ಲ. ಮೆಶ್ ಮೇಲಿನ ಎರಡು ಅಡಿಗೆ ಅದನ್ನೇ ಹಾಕಿದೆ. ನೆತ್ತಿಗೆ ಹಸಿರು ನೆಟ್.

ಕಂಬ ಬಳ್ಳಾರಿ ಜಾಲಿಯದು, ಪುಕ್ಕಟೆ. ಮೆಶ್ ಅನ್ನು ಕಂಬದ ಹೊರಗಡೆಗೆ ಹೊಡೆದೆ. ನಮ್ಮ ಮನೆಯವರು ಒಳಗಡೆಯಿಂದ ಹೊಡೆದರೆ ಚೆಂದ ಕಾಣುತ್ತೆ ಅಂದರು. ಚೆಂದ ಕಾಣುತ್ತೆ, ನಿಜ. ಆದರೆ ನಾಯಿ ಹೊರಗಿಂದ ತಳ್ಳಿದರೆ ಒಂದೊಂದೇ ಯು ಮೊಳೆ ಕಿತ್ತು ಬರುತ್ತೆ. ಹೊರಗೆ ಹೊಡೆದರೆ ತಳ್ಳಿದಷ್ಟೂ ಜಾಲರಿ ಕಂಬಕ್ಕೇ ಒತ್ತುತ್ತೆ.

ಏಪ್ರಿಲ್ 23

ನನ್ನ ಹೊಲಿಗೆ ಮಷೀನ್ ಹಿತ್ತಲ ಕಿಟಕಿಯ ಪಕ್ಕ ಇದೆ. ನಸುಕಿನಲ್ಲಿ ಬ್ಲೌಸ್ ಹೊಲಿಯುತ್ತ ಕೂತಾಗ ಎಲ್ಲ ಕಣ್ಣಾರೆ ನೋಡಿದೆ.

ನಮ್ಮಿಬ್ಬರ ನಡುವಿನ ಗೋಡೆ 4 ಅಡಿ. ಆ ಕಡೆ ಗೋಡೆಗೆ ಒರಗಿಸಿ ಕಾಕಾ ಎಮ್ಮೆಗೆ ಕಣಿಕಿ (ಜೋಳದ ಒಣ ದಂಟು) ಒಟ್ಟಿದ್ದಾರೆ. ಮೋತಿಗೆ ಜಿಗಿಯುವ ಕಷ್ಟವೂ ಇಲ್ಲ. ಕಣಿಕಿ ಮೇಲೆ ನಡೆದು ಬಂದು, ಗೋಡೆ ಮೇಲೆ ನಿಂತು, ಆಕಳಿಸಿ, ಈ ಕಡೆ ಇಳಿಯಿತು. ಮೆಶ್ ಸುತ್ತ ಒಂದು ಸುತ್ತು ಹಾಕಿತು. ಮೂತಿಯಿಂದ ತಳ್ಳಿತು, ಬರಲಿಲ್ಲ. ಆಮೇಲೆ ಜಾಲರಿಯ ಬುಡಕ್ಕೆ ಸರಿಯಾಗಿ ಮುಂಗಾಲು ಹಚ್ಚಿ ಕೆರೆಯಲು ಶುರು ಮಾಡಿತು. ನಾನು ಕಿಟಕಿಯಿಂದ ಚಪ್ಪಲಿ ಎಸೆಯುವಷ್ಟರಲ್ಲಿ ಒಂದು ಗೇಣು ಕುಣಿ.

ಎಲ್ಲರೂ ಬೇಲಿ ಎಷ್ಟು ಎತ್ತರ ಇರಬೇಕು ಅಂತ ಕೇಳುತ್ತಾರೆ. ನೆಲದಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಏಪ್ರಿಲ್ 26

ಮಾಡಿ ಕೈಬಿಟ್ಟ ಕೆಲಸಗಳು. ಜಾಲರಿಯನ್ನು ಒಂದೂವರೆ ಅಡಿ ಮಣ್ಣಲ್ಲಿ ಹೂಳೋಣ ಅಂತ ಹಾರೆ ಹಿಡಿದೆವು. ನಮ್ಮದು ಎರೆ ಮಣ್ಣು, ಕಪ್ಪು ಜಿಗುಟು ಮಣ್ಣು. ಬೇಸಿಗೆಯಲ್ಲಿ ಹಾರೆ ಹಾಕಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಠಣ್ ಅನ್ನುತ್ತೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬರುವಷ್ಟರಲ್ಲಿ ಮನೆಯವರ ಅಂಗೈಯಲ್ಲಿ ಗುಳ್ಳೆ. (ಮೋತಿ ಕೆರೆದ ಜಾಗ ಮಾತ್ರ ಮೆತ್ತಗಿತ್ತು, ಯಾಕಂದರೆ ನಾನು ದಿನಾ ಕೋಳಿ ನೀರಿನ ಬೋಗುಣಿ ಚೆಲ್ಲುವುದು ಅಲ್ಲೇ.)

ಜಾಲಿ ಮುಳ್ಳು ಹಾಕಿದೆ. ಅತ್ತೆಯ ಕಾಲಿಗೆ ಚುಚ್ಚಿತು, ನಾಯಿಗಲ್ಲ.

ಖಾರದ ಪುಡಿ ಉದುರಿಸಿದೆ. ಅರ್ಧ ಗಾಳಿಗೆ ಹೋಯಿತು, ಉಳಿದರ್ಧ ಕೋಳಿ ತಿಂದವು! ಹಕ್ಕಿಗಳಿಗೆ ಮೆಣಸಿನಕಾಯಿ ಖಾರ ತಾಗುವುದೇ ಇಲ್ಲವಂತೆ. ನಮ್ಮ ಜವಾರಿ ಹೇಂಟೆ ಜೋಳದ ನುಚ್ಚು ಬಿಟ್ಟು ಜಾಲರಿಯಿಂದ ಕೊಕ್ಕು ಚಾಚಿ ಅದನ್ನೇ ಹೆಕ್ಕುತ್ತಿತ್ತು.

ಮೇ 2

ನೆಲ ಅಗೆಯೋಕೆ ಆಗಲ್ಲ ಅಂದರೆ ನೆಲ ಮುಚ್ಚೋಣ. ನಾಯಿ ಕೆರೆಯೋದು ಜಾಲರಿಯ ಬುಡದಲ್ಲೇ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡಬೇಕು ಅನ್ನುವ ಲೆಕ್ಕಾಚಾರ ಅದರ ತಲೆಗೆ ಬರುವುದಿಲ್ಲ. ಹಾಗಾಗಿ ಬುಡದಿಂದ ಹೊರಗೆ ಎರಡು ಅಡಿ ಅಗಲ ಏನಾದರೂ ಗಟ್ಟಿ ಹಾಸಿದರೆ ಸಾಕು. ಕೆಲವರು ಜಾಲರಿಯನ್ನೇ ಮಡಚಿ ಹಾಸುತ್ತಾರೆ. ಕಲಬುರಗಿಯಲ್ಲಿ ಕೂತು ಅದಕ್ಕೆ ದುಡ್ಡು ಯಾಕೆ ಹಾಕಲಿ? ಫರ್ಸಿ, ಅಂದರೆ ಹಾಸುಗಲ್ಲು, ತೆಗೆಯುವ ಶಹಾಬಾದ್ ಇಲ್ಲೇ ಇದೆ. ನಮ್ಮ ಕಡೆ ಮನೆ ನೆಲ, ಅಂಗಳ, ದನದ ಕೊಟ್ಟಿಗೆ, ಎಲ್ಲ ಕಡೆ ಫರ್ಸಿ ಕಲ್ಲೇ.

ಪಾಲಿಶ್ ಮಾಡುವಲ್ಲಿ ಮೂಲೆ ಒಡೆದ ಕಲ್ಲು ಬದಿಗೆ ಒಟ್ಟಿರುತ್ತಾರೆ. ಎರಡಡಿ ಚೌಕದ್ದು ಒಂದಕ್ಕೆ 40 ರೂಪಾಯಿಗೆ ಕೊಟ್ಟರು. ಗೂಡಿನ ಮೂರು ಬದಿ 8, 10, 8, ಒಟ್ಟು 26 ಅಡಿ, ಅಂದರೆ 13 ಕಲ್ಲು. 520 ರೂಪಾಯಿ, ಟಂಟಂ (ಸರಕಿನ ಆಟೋ) ಬಾಡಿಗೆ 300. ಒಂದೊಂದು ಕಲ್ಲು ಹತ್ತಿರ ಹತ್ತಿರ 30 ಕೆಜಿ. ಟಂಟಂ ಹುಡುಗ ನಾಲ್ಕು ಇಳಿಸಿ, "ಅಕ್ಕಾ, ಕೋಳಿಗೆ ಬಂಗ್ಲೆ ಕಟ್ಟಸಲಾಕತ್ತೀರೇನು?" ಅಂದ.

ಮೇ 5

13 ಕಲ್ಲು ಹಾಸಿದ ಮೂರನೇ ದಿನ ಮೋತಿ ಮತ್ತೆ ಒಳಗೆ ಹೋಯಿತು. ಒಂದು ಜವಾರಿ ಹೇಂಟೆ ಹೋಯಿತು.

ಎಲ್ಲಿಂದ ಬಂತು ಅಂತ ಮೊದಲು ತಿಳಿಯಲೇ ಇಲ್ಲ. ಎಲ್ಲ ಕಲ್ಲೂ ಜಾಗದಲ್ಲೇ ಇವೆ. ಕೂತು ನೋಡಿದೆ. ಮೂಲೆ! ಉದ್ದದ ಸಾಲೊಂದು, ಅಗಲದ ಸಾಲೊಂದು, ಎರಡೂ ಗೂಡಿನ ಅಳತೆಗೆ ಸರಿಯಾಗಿ ನಿಂತಿವೆ. ಅವೆರಡೂ ಸೇರುವ ಹೊರಮೂಲೆಯಲ್ಲಿ ಎರಡಡಿ ಚೌಕ ಬರೀ ಮಣ್ಣು. ಮೋತಿ ಅಲ್ಲಿಂದ ಓರೆಯಾಗಿ ಕೆರೆದು, ಮೂಲೆ ಕಂಬದ ಬುಡಕ್ಕೇ ಹೋಗಿ ತಲೆ ಎತ್ತಿದೆ. ಲೆಕ್ಕದಲ್ಲಿ ನಾನು ಮೂಲೆ ಬಿಟ್ಟಿದ್ದೆ, ಅದು ಬಿಡಲಿಲ್ಲ. ಹೊಲಿಗೆಯವಳು ಹೀಗೆ ಅಂಚಿನ ಬಟ್ಟೆ ಮರೆಯಬಾರದಿತ್ತು.

ಸಂಜೆ ಕಾಕಾ ತಾವೇ ಬಂದರು. ಕುಣಿ ನೋಡಿದರು, ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ತಮ್ಮ ಮನೆ ಕಟ್ಟಿದಾಗ ಉಳಿದಿದ್ದ ಎರಡು ಫರ್ಸಿಯನ್ನು ಮಗನ ಕೈಲಿ ಹೊರಿಸಿಕೊಂಡು ಬಂದು, ತಾವೇ ಎರಡೂ ಮೂಲೆಗೆ ಕೂಡಿಸಿದರು. ಮಾರನೇ ದಿನ ಕಣಿಕಿಯನ್ನೂ ಗೋಡೆಯಿಂದ ಆಚೆ ಸರಿಸಿದರು. ಒಟ್ಟು 15 ಕಲ್ಲು.

ಮೇ 18

ನಾಯಿ ಬಂದಿಲ್ಲ. ಬಂದಿದ್ದು ಬಿಸಿಲು. 42, 43 ಡಿಗ್ರಿ.

ಮೊದಲು ಕೋಳಿಗಳು ಹಗಲೆಲ್ಲ ಬೇವಿನ ಬುಡದಲ್ಲಿ ಮಣ್ಣು ಕೆದರಿ ಹೊಟ್ಟೆ ತಂಪು ಮಾಡಿಕೊಳ್ಳುತ್ತಿದ್ದವು. ಈಗ ನಾನೇ ಒಳಗೆ ಹಾಕಿದ್ದೇನೆ. ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿವೆ. ಅದರ ಮೇಲೆ ನನ್ನ ಫರ್ಸಿ ಹಗಲೆಲ್ಲ ಕಾದು ರಾತ್ರಿ ಎಂಟರವರೆಗೂ ಹೆಂಚಿನ ಹಾಗೆ ಬಿಸಿ ಕಾರುತ್ತೆ. ನಾಯಿಗೆ ಅಂತ ಹಾಕಿದ್ದು ಕೋಳಿಗೆ ಕುತ್ತಾಯಿತು. ತಗಡಿನ ಮೇಲೆ ಕಾಕಾನಿಂದಲೇ ಕೇಳಿ ತಂದ ಕಣಿಕಿ ಹೊದಿಸಿದೆ. ಪಡುವಣ ಕಡೆಗೆ ಒದ್ದೆ ಗೋಣಿಚೀಲ ಇಳಿಬಿಟ್ಟೆ. ನೀರಿಗೆ ಪ್ಲಾಸ್ಟಿಕ್ ಬೋಗುಣಿ ತೆಗೆದು ಮಣ್ಣಿನದು ಇಟ್ಟೆ. ಸಂಜೆ ಪಾತ್ರೆ ತೊಳೆದ ನೀರನ್ನು ಕಲ್ಲಿನ ಮೇಲೆ ಹೊಯ್ದರೆ ಚುಂಯ್ ಅನ್ನುತ್ತೆ, ಆಮೇಲೆ ತಣ್ಣಗಾಗುತ್ತೆ. ಮೊಟ್ಟೆ ಲೆಕ್ಕ ಕೇಳಬೇಡಿ. ಮೊದಲು ದಿನಕ್ಕೆ ನಾಲ್ಕೈದು ಸಿಗುತ್ತಿದ್ದವು. ನಾಯಿ ನುಗ್ಗಿದ ಮೇಲೆ ಎಂಟು ದಿನ ಒಂದೂ ಇಲ್ಲ. ಈಗ ಒಂದು, ಅದೂ ದಿನ ಬಿಟ್ಟು ದಿನ.

ಜೂನ್ 14

ಕಾರಹುಣ್ಣಿಮೆ ಮುಗಿದ ಮೇಲೆ ಒಳ್ಳೆ ಮಳೆ ಬಿತ್ತು. ಎರೆ ಮಣ್ಣಿನ ಗುಣ ಗೊತ್ತಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತೆ, ನೀರು ಕುಡಿದರೆ ಹಿಟ್ಟಿನ ಹಾಗೆ ಉಬ್ಬುತ್ತೆ. ಎರಡು ಕಂಬ ವಾಲಿದವು. ಐದು ಕಲ್ಲು ಒಂದು ಕಡೆ ಎದ್ದು, ಜಾಲರಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಸಂದು. ಆ ಕಲ್ಲುಗಳನ್ನು ಎತ್ತಿ, ಕೆಳಗೆ ಒಂದು ಗೇಣು ಮುರುಂ (ಗರಸು ಮಣ್ಣು) ತುಂಬಿ, ಕುಟ್ಟಿ, ಮತ್ತೆ ಕೂಡಿಸಿದೆವು. ಇದನ್ನು ಮೇ ತಿಂಗಳಲ್ಲೇ ಮಾಡಬೇಕಿತ್ತು. ಎರೆ ಭೂಮಿಯಲ್ಲಿ ಕಲ್ಲು ಹಾಸುವವರು ಯಾರಾದರೂ ಇದ್ದರೆ ಮೊದಲು ಮುರುಂ, ಆಮೇಲೆ ಕಲ್ಲು.

ಜೂನ್ 29

ಬಾಗಿಲಿಗೆ ಬರೀ ತಂತಿ ಸುತ್ತಿದ್ದೆ. ಮೋತಿ ಅದನ್ನು ಮೂತಿಯಿಂದ ಎತ್ತುವುದನ್ನು ಕಾಕಿ ನೋಡಿ ಕೂಗಿದರು. ಈಗ ಚಿಲಕ, ಅದರ ತೂತಿಗೆ ಒಂದು ಕೊಂಡಿ. ಒಂದು ಕೈಲಿ ಒತ್ತಿ ಇನ್ನೊಂದು ಕೈಲಿ ಎಳೆದರೆ ಮಾತ್ರ ಬಿಡುತ್ತೆ. ಅತ್ತೆಗೂ ಬಿಡಿಸಲು ಬರುತ್ತಿಲ್ಲ, ಅದು ಬೇರೆ ಜಗಳ.

ಜುಲೈ 27

ಏಳು ಕೋಳಿ ಉಳಿದಿವೆ. ದಿನಕ್ಕೆ ಮೂರು ಮೊಟ್ಟೆ. ಬೆನ್ನಿಗೆ ಗಾಯವಾಗಿದ್ದ ಗಿರಿರಾಜಕ್ಕೆ ಹೊಸ ಪುಕ್ಕ ಬಂದಿದೆ, ಆ ಜಾಗದಲ್ಲಿ ಮಾತ್ರ ಸ್ವಲ್ಪ ಅಡ್ಡಾದಿಡ್ಡಿ. ಒಂದು ಜವಾರಿ ಹೇಂಟೆ ಕಾವಿಗೆ ಕೂತಿದೆ, ಒಂಬತ್ತು ಮೊಟ್ಟೆ ಇಟ್ಟಿದ್ದೇನೆ. ಪಂಚಮಿ ಕಳೆದ ಮೇಲೆ ಮರಿ ಬರಬೇಕು. ಮರಿಗೆ ಒಂದಿಂಚು ಕಣ್ಣು ದೊಡ್ಡದಾಗುತ್ತೆ, ಬುಡಕ್ಕೆ ಒಂದಡಿ ಎತ್ತರ ಸಣ್ಣ ಕಣ್ಣಿನದು ಹೊಡೆಯಬೇಕು. ಚರಂಡಿ ಕಡೆ ಮುಂಗುಸಿ ಓಡಾಡುತ್ತಿದೆ.

ಮೋತಿ ಈಗಲೂ ಬರುತ್ತೆ. ಕಣಿಕಿ ಇಲ್ಲದಿದ್ದರೂ ಗೋಡೆ ಜಿಗಿಯುವುದನ್ನು ಕಲಿತಿದೆ. ಸುತ್ತಲೂ ಕೆಸರು, ಒಣಗಿದ ಜಾಗ ಅಂದರೆ ಫರ್ಸಿ ಒಂದೇ. ಅದರ ಮೇಲೆ ಮೈ ಚಾಚಿ ಮಲಗುತ್ತೆ. ಜಾಲರಿಯಿಂದ ಒಂದು ಗೇಣು ಈಚೆ ಅದರ ಬಾಲ, ಆಚೆ ಹುಂಜ. ಮೊದಮೊದಲು ಕೋಳಿಗಳು ಒಳಮೂಲೆಗೆ ಓಡುತ್ತಿದ್ದವು. ಈಗ ತಿರುಗಿಯೂ ನೋಡಲ್ಲ. ಓಡದೆ ಇದ್ದರೆ ಅದಕ್ಕೂ ಆಸಕ್ತಿ ಇಲ್ಲ.

ಇವತ್ತು ಬೆಳಿಗ್ಗೆ ಕಾಕಾ ಗೋಡೆಯಾಚೆಯಿಂದ ಇಣುಕಿ, "ನೋಡು ತಂಗಿ, ನಿನ್ನ ಕೋಳಿ ಕಾಯಲಾಕತ್ತದ" ಅಂದರು.

ನಾನು ಏನೂ ಅನ್ನಲಿಲ್ಲ. ಮಷೀನ್ ನಿಲ್ಲಿಸಿ, ಹೋಗಿ ಕೊಂಡಿ ನೋಡಿ ಬಂದೆ.