ಬಿಸಿಲಿಲ್ಲದ ಊರಲ್ಲಿ ಎಳ್ಳು-ಬೆಲ್ಲ

ಎಳ್ಳು-ಬೆಲ್ಲಕ್ಕೆ ಒಲೆ ಬೇಕಾಗುವುದು ಅರ್ಧ ಗಂಟೆ. ಬಿಸಿಲು ಬೇಕಾಗುವುದು ಮೂರು ದಿನ. ಮನೆಯಲ್ಲಿದ್ದಾಗ ನನಗಿದು ಹೊಳೆದೇ ಇರಲಿಲ್ಲ. ಕೊಬ್ಬರಿ, ಬೆಲ್ಲ ಹೆಚ್ಚಿ, ತಾರಸಿ ಮೇಲೆ ಹಳೇ ಪಂಚೆ ಹಾಸಿ ಹರವಿದರೆ ಆಯಿತು. ಕಾಗೆ ಕಾಯುವುದು ನಮ್ಮ ಕೆಲಸ, ಒಣಗಿಸುವುದು ಸೂರ್ಯನ ಕೆಲಸ.

ಈಗ ನಾವಿರುವುದು ನಾರ್ವೆಯ ಟ್ರೊಮ್ಸೊದಲ್ಲಿ. ಆರ್ಕ್‌ಟಿಕ್ ವೃತ್ತ ದಾಟಿ ಇನ್ನೂ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ. ಇಲ್ಲಿ ನವೆಂಬರ್ ಕೊನೆಯ ವಾರ ಮುಳುಗಿದ ಸೂರ್ಯ ಮತ್ತೆ ಮೇಲೇಳುವುದು ಜನವರಿ 15ರ ಹೊತ್ತಿಗೆ. ಆಗಲೂ ಊರಿಗೆ ಮುಖ ತೋರಿಸುವುದಿಲ್ಲ, ದಕ್ಷಿಣದಲ್ಲಿ ಬೆಟ್ಟಗಳು ಅಡ್ಡ ನಿಂತಿವೆ. ಬೆಟ್ಟದ ಮೇಲಿಂದ ಇಣುಕುವುದು 21ಕ್ಕೆ. ಹಾಗಂತ ದಿನವಿಡೀ ಕಗ್ಗತ್ತಲೇನೂ ಅಲ್ಲ. ಮಧ್ಯಾಹ್ನದ ಆಸುಪಾಸು ಎರಡು-ಮೂರು ಗಂಟೆ ಕಾಲ ನೀಲಿ ಬೆಳಕಿರುತ್ತದೆ, ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಕಲಸಿದ ಹಾಗೆ. ನೋಡಲು ಚೆಂದ. ಆದರೆ ಅದರಲ್ಲಿ ಕೊಬ್ಬರಿ ಒಣಗುವುದಿಲ್ಲ.

ನಾವು ಆರು ಜನ ತಿಂಗಳಿಗೊಮ್ಮೆ ಯಾರಾದರೂ ಒಬ್ಬರ ಅಡುಗೆಮನೆಯಲ್ಲಿ ಸೇರುತ್ತೇವೆ. ಸಂಘ-ಗಿಂಘ ಏನಿಲ್ಲ. ಇರುವುದು ಎರಡೇ ನಿಯಮ. ಅವರವರ ಮನೆಯಲ್ಲಿ ಮಾಡುವ ಅಡುಗೆಯನ್ನೇ ಮಾಡಬೇಕು, ಹೋಟೆಲಿನದು ಬೇಡ. ಮತ್ತೆ, ಬರೀ ತಿನ್ನಿಸಿ ಕಳಿಸುವಂತಿಲ್ಲ, ಕೈಹಿಡಿದು ಕಲಿಸಬೇಕು. ನಮ್ಮಲ್ಲಿ ಪುಣೆಯ ಒಬ್ಬಳಿದ್ದಾಳೆ. ಬಿಹಾರದ ದರ್ಭಂಗಾದಿಂದ ಓದಲು ಬಂದ ಹುಡುಗ ಒಬ್ಬ. ಜಾಫ್ನಾದ ಅಕ್ಕ ಒಬ್ಬರು, ಮೂವತ್ತು ವರ್ಷದ ಹಿಂದೆ ಮೀನಿನ ಕಾರ್ಖಾನೆಯ ಕೆಲಸಕ್ಕೆ ಅಂತ ಈ ಕಡೆ ಬಂದವರು. ಈ ಉತ್ತರದ ತೀರಕ್ಕೆ ಹಾಗೆ ಬಂದ ತಮಿಳರು ಬಹಳ. ಅಕ್ಕ ಅನ್ನುವುದು ತಮಿಳಲ್ಲೂ ಅಕ್ಕನೇ ಆದ್ದರಿಂದ ನಮ್ಮ ನಡುವೆ ಮೊದಲ ದಿನವೇ ಸಂಬಂಧ ಗಟ್ಟಿಯಾಯಿತು. ಆಮೇಲೆ ನಮ್ಮ ಕೆಳಮನೆ ಅಜ್ಜಿ, ನಾರ್ವೆಯವರೇ, ನಿವೃತ್ತ ಮೇಷ್ಟ್ರು. ನಾನು, ನನ್ನ ಗಂಡ. ಗಂಡ ಅಡುಗೆ ಕಲಿಯುವುದಿಲ್ಲ, ಆದರೆ ಪಾತ್ರೆ ತೊಳೆಯುವುದರಿಂದ ಅವರಿಗೆ ಸದಸ್ಯತ್ವ ಕೊಟ್ಟಿದ್ದೇವೆ.

2025ರ ಜನವರಿಯ ಸರದಿ ನನ್ನದು. ಸಂಕ್ರಾಂತಿ 14ನೇ ತಾರೀಕು, ಮಂಗಳವಾರ. ಏನು ಮಾಡಿಸುತ್ತೀಯ ಅಂತ ಕೇಳಿದಾಗ ಹಿಂದೆಮುಂದೆ ನೋಡದೆ "ಎಳ್ಳು-ಬೆಲ್ಲ, ಎರಡು ಥರ ಹುಗ್ಗಿ, ಗೊಜ್ಜು" ಅಂದುಬಿಟ್ಟೆ.

ಕೊಬ್ಬರಿಗೆ ಚಿಂತೆ ಇರಲಿಲ್ಲ. ನನ್ನ ತವರು ತಿಪಟೂರಿನ ಹತ್ತಿರ. ಬಟ್ಟೆ ಬಿಟ್ಟೇನು, ಕೊಬ್ಬರಿ ಬಿಟ್ಟು ವಿಮಾನ ಹತ್ತುವುದಿಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಲು ಹೆಚ್ಚೂಕಡಿಮೆ ಒಂದು ವರ್ಷ ಬೇಕು ಅನ್ನುವುದು ಬೆಂಗಳೂರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಕರಟದಿಂದ ಬಿಟ್ಟುಕೊಳ್ಳುತ್ತದೆ. ಹತ್ತು-ಹನ್ನೊಂದು ತಿಂಗಳ ಮೇಲೆ ಕಾಯಿ ಎತ್ತಿ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಅಜ್ಜ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇನ್ನೂ ಮಾತಾಡ್ತಿಲ್ಲ" ಅಂತ ವಾಪಸ್ ಇಡುತ್ತಿದ್ದರು. ಇಲ್ಲಿನ ಅಂಗಡಿಯಲ್ಲಿ ಸಿಗುವ ಒಣ ಕಾಯಿಪುಡಿ ಅದರ ಮುಂದೆ ಮರದ ಹೊಟ್ಟು. ಇದು ಜಂಬ ಅಂದರೂ ಸರಿಯೇ, ಕೊಬ್ಬರಿ ವಿಷಯದಲ್ಲಿ ನಾನು ರಾಜಿಯಾಗುವವಳಲ್ಲ.

ಅಚ್ಚು ಬೆಲ್ಲವೂ ಸೂಟ್‌ಕೇಸಿನಲ್ಲಿ ಬಂದಿತ್ತು. ಕಡಲೆಕಾಯಿ ಬೀಜ, ಬಿಳಿ ಎಳ್ಳು ಇಲ್ಲೇ ಸಿಗುತ್ತವೆ. ಹುರಿಗಡಲೆ ಮಾತ್ರ ಸಿಗಲಿಲ್ಲ. ತುರ್ಕಿಯವರು ತಿನ್ನುವ ಲೆಬ್ಲೆಬಿ ಅನ್ನುವ ಹುರಿದ ಕಡಲೆ ತಂದೆ. ನಮ್ಮದಕ್ಕಿಂತ ಗಟ್ಟಿ. ಲಟ್ಟಣಿಗೆಯಲ್ಲಿ ಒತ್ತಿ ಎರಡು ಹೋಳು ಮಾಡಿಕೊಂಡರೆ ನಡೆಯುತ್ತದೆ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಶುಕ್ರವಾರ ಸಂಜೆ, ಹೆಚ್ಚುವ ಕೆಲಸಕ್ಕೆ ಎಲ್ಲರೂ ಬಂದರು. ಅಮ್ಮ ಬೆಲ್ಲವನ್ನು ಅಡಿಕೆ ಕತ್ತರಿಯಲ್ಲಿ ಕತ್ತರಿಸುತ್ತಾರೆ. ನನ್ನ ಹತ್ತಿರ ಚಾಕು ಅಷ್ಟೇ. ಕೊಬ್ಬರಿಯ ಕಂದು ಸಿಪ್ಪೆ ಹೆರೆಯಲು ನಾನು ಒದ್ದಾಡುವುದನ್ನು ನೋಡಿ ಕೆಳಮನೆ ಅಜ್ಜಿ ಕೆಳಗಿಳಿದು ಹೋದರು. ಬರುವಾಗ ಕೈಯಲ್ಲಿ ಚೀಸ್ ಹೆರೆಯುವ ಸಲಕರಣೆ. ನಡುವೆ ಸೀಳು ಇರುವ ಚಪ್ಪಟೆ ಅಲಗು, ಹಿಡಿ. 1925ರಲ್ಲಿ ಇಲ್ಲಿನ ಒಬ್ಬ ಬಡಗಿ ಉಜ್ಜುಗೊರಡನ್ನು ನೋಡಿಕೊಂಡು ಮಾಡಿದ್ದಂತೆ. ಅದು ಇಲ್ಲದ ಮನೆ ನಾರ್ವೆಯಲ್ಲಿ ಇಲ್ಲ. ಸಿಪ್ಪೆ ಸರಸರ ಬಂತು. ಅಷ್ಟಕ್ಕೇ ನಿಲ್ಲದೆ ಅಜ್ಜಿ ಗಿಟುಕನ್ನೂ ಅದರಲ್ಲೇ ಹೆರೆದು, ಪಟ್ಟಿ ಪಟ್ಟಿ ಮಾಡಿ, ಮೇಲಿಂದ ಚಾಕು ಆಡಿಸಿದರು. ಎಲ್ಲಾ ಚೂರೂ ಒಂದೇ ಸಮ. ನಮ್ಮ ಬೀದಿಯಲ್ಲಿ ಎಳ್ಳು ಬೀರುವ ಹೆಂಗಸರು ಪಕ್ಕದ ಮನೆಯ ಪೊಟ್ಟಣ ಬಿಚ್ಚಿದ ತಕ್ಷಣ ನೋಡುವುದು ಇದನ್ನೇ, ಕೊಬ್ಬರಿ ಹೆಚ್ಚಿದ್ದು ಸಮವಾಗಿದೆಯಾ ಅಂತ. ಅಜ್ಜಿಗೆ ಅಲ್ಲಿ ಮೊದಲ ಬಹುಮಾನ ಬರುತ್ತಿತ್ತು.

ಒಣಗಿಸುವುದು ಹೇಗೆ? ಮೊದಲು ಓವನ್ ನೆಚ್ಚಿಕೊಂಡೆ. ಕಡಿಮೆ ಉರಿ, ಅರವತ್ತು ಡಿಗ್ರಿ ಅಂದುಕೊಂಡು ಇಟ್ಟೆ. ಕೊಬ್ಬರಿ ಎಣ್ಣೆ ಬಿಡಲು ಶುರುವಾಯಿತು. ಬೆಲ್ಲದ ಚೂರುಗಳು ಒಂದಕ್ಕೊಂದು ಅಂಟಿ ಮತ್ತೆ ಅಚ್ಚಾಗಿ ಕೂತವು. ಒಂದು ಪಾವು ಬೆಲ್ಲ ಹೋಯಿತು. ಹೋಯಿತು ಅಂದರೆ ಆಮೇಲೆ ಹುಗ್ಗಿಗೆ ಹೋಯಿತು, ಚೆಲ್ಲಲಿಲ್ಲ.

ದಾರಿ ತೋರಿಸಿದವರು ಜಾಫ್ನಾ ಅಕ್ಕ. ಇಲ್ಲಿ ಸ್ನಾನದ ಮನೆಯ ನೆಲದ ಕೆಳಗೆ ವಿದ್ಯುತ್ ತಂತಿ ಹಾಸಿ ಬೆಚ್ಚಗೆ ಇಟ್ಟಿರುತ್ತಾರೆ. ಅಕ್ಕ ಇಪ್ಪತ್ತು ವರ್ಷದಿಂದ ಬಾಳಕದ ಮೆಣಸಿನಕಾಯಿ ಒಣಗಿಸುವುದು ಅಲ್ಲೇ. "ನೆಲ ತೊಳೆ, ಎರಡು ದಿನ ನೀವು ನಮ್ಮ ಮನೆಯಲ್ಲಿ ಸ್ನಾನ ಮಾಡಿ" ಅಂದರು. ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣ. ಕೆಳಗಿಂದ ಹಿತವಾದ ಶಾಖ. ಎರಡೇ ದಿನಕ್ಕೆ ಕೊಬ್ಬರಿ ಗರಗರ, ಬೆಲ್ಲ ಬೇರೆ ಬೇರೆ. ವಿಡಿಯೋ ಕಾಲ್‌ನಲ್ಲಿ ಇದನ್ನು ಕಂಡ ಅಮ್ಮ ಒಂದು ನಿಮಿಷ ಮಾತಾಡಲಿಲ್ಲ.

"ಬಚ್ಚಲಲ್ಲೇನೇ?"

"ಬಚ್ಚಲೇ ಅಮ್ಮ. ಆದರೆ ನಮ್ಮ ಬಚ್ಚಲ ಥರ ಅಲ್ಲ."

"ಯಾರಿಗೂ ಹೇಳಬೇಡ."

ಕಡಲೆಕಾಯಿ ಬೀಜದ್ದು ಇನ್ನೊಂದು ಪ್ರಕರಣ. ಹುರಿದು, ಉಜ್ಜಿ, ಹೊಟ್ಟು ಹಾರಿಸಲು ಮೊರ ಇಲ್ಲ. ತಟ್ಟೆ ಹಿಡಿದು ಬಾಲ್ಕನಿಗೆ ಹೋಗಿ ಊದಿದೆ. ಬೆಳಿಗ್ಗೆ ನೋಡಿದರೆ ಕೆಳಮನೆ ಅಜ್ಜಿಯ ಅಂಗಳದ ಬಿಳೀ ಹಿಮದ ಮೇಲೆ ಉದ್ದಕ್ಕೂ ಕೆಂಪು ಹೊಟ್ಟು, ಕುಂಕುಮ ಚೆಲ್ಲಿದ ಹಾಗೆ.

ಅಳತೆಯ ಜಗಳ ಮಂಗಳವಾರ ಬಂತು. ಅಮ್ಮನನ್ನು ಕೇಳಿದರೆ ಎಲ್ಲದಕ್ಕೂ "ಒಂದು ಪಾವು, ಕೈಗೆ ಬಂದಷ್ಟು". ಬರೆದುಕೊಳ್ಳಲು ಕೂತವರಿಗೆ ಇದು ಸಾಲದು. ನಾನು ಗ್ರಾಂ ಲೆಕ್ಕ ಹಾಕಲು ತೂಕದ ಯಂತ್ರ ತೆಗೆದರೆ ಕೆಳಮನೆ ಅಜ್ಜಿ ಬೇಡ ಅಂದರು. ಇಲ್ಲಿಯವರ ಮನೆ ಅಡುಗೆಯಲ್ಲಿ ಹಿಟ್ಟು, ಸಕ್ಕರೆ ಎಲ್ಲ ಡೆಸಿಲೀಟರ್, ಅಂದರೆ ನೂರು ಮಿಲಿಲೀಟರ್, ಲೆಕ್ಕ. ಅಂದರೆ ನಮ್ಮ ಪಾವು, ಸೇರಿನ ಹಾಗೆಯೇ, ತೂಕ ಅಲ್ಲ, ತುಂಬುವ ಅಳತೆ. ನನ್ನ ಹಿತ್ತಾಳೆ ಪಾವಿಗೆ ನೀರು ತುಂಬಿ ಅವರ ಅಳತೆ ಲೋಟಕ್ಕೆ ಸುರಿದೆವು. ಎರಡೂವರೆ ಡೆಸಿಲೀಟರಿಗೆ ಒಂಚೂರು ಕಮ್ಮಿ. ಅಲ್ಲಿಗೆ ಅಮ್ಮನ ಭಾಷೆಗೂ ಅಜ್ಜಿಯ ಭಾಷೆಗೂ ನಿಘಂಟು ಸಿಕ್ಕಿತು.

ಎಲ್ಲರೂ ಬರೆದುಕೊಂಡದ್ದು ಹೀಗೆ: ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ಒಂದೊಂದು ಪಾವು, ಎಳ್ಳು ಅರ್ಧ ಪಾವು. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೇ ಬೆರೆಸಬೇಕು. ಬಿಸಿ ಇರುವಾಗ ಹಾಕಿದರೆ ಬೆಲ್ಲ ಬೆವರುತ್ತದೆ.

ಸಿಹಿ ಹುಗ್ಗಿಗೆ ಅರ್ಧ ಪಾವು ಹೆಸರುಬೇಳೆ, ಅರ್ಧ ಪಾವು ಅಕ್ಕಿ. ಬೇಳೆಯನ್ನು ಒಂದು ಚಮಚ ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಅಕ್ಕಿಯ ಜೊತೆ ಐದು ಪಟ್ಟು ನೀರಿಟ್ಟು ಮೆತ್ತಗೆ ಬೇಯಿಸಿ. ಒಂದೂಕಾಲು ಪಾವು ಬೆಲ್ಲ ಕರಗಿಸಿ ಸೋಸಿ ಆಮೇಲೆ ಹಾಕಿ. ಈ "ಆಮೇಲೆ" ಅನ್ನುವುದೇ ಗುಟ್ಟು. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದಿಲ್ಲ, ಎಷ್ಟು ಕುದಿಸಿದರೂ ಕಾಳು ಕಾಳೇ. ಕೊನೆಗೆ ತುರಿದ ಕೊಬ್ಬರಿ, ತುಪ್ಪದಲ್ಲಿ ಹುರಿದ ಗೋಡಂಬಿ-ದ್ರಾಕ್ಷಿ, ಏಲಕ್ಕಿ.

ಖಾರದ ಹುಗ್ಗಿ ಎಲ್ಲರಿಗೂ ಗೊತ್ತಿದ್ದದ್ದೇ. ಮೆಣಸು, ಜೀರಿಗೆ, ಶುಂಠಿ, ತುಪ್ಪ. ಅವರಿಗೆ ಹೊಸದು ಗೊಜ್ಜು. ಎರಡು ಚಮಚ ಎಳ್ಳು, ಒಂದು ಚಮಚ ಕಡಲೆಬೇಳೆ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಸ್ವಲ್ಪ ಕೊಬ್ಬರಿ ಹುರಿದು ಪುಡಿ ಮಾಡಿ, ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಅಷ್ಟೇ ಬೆಲ್ಲ, ಉಪ್ಪು ಸೇರಿಸಿ ಎಣ್ಣೆ ಬಿಡುವವರೆಗೆ ಕುದಿಸುವುದು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ದರ್ಭಂಗಾದ ಹುಡುಗ ಹುಗ್ಗಿ ಬಿಟ್ಟು ಗೊಜ್ಜನ್ನೇ ಬೆರಳಲ್ಲಿ ನೆಕ್ಕಿ ಮುಗಿಸಿದ. ಅವರ ಕಡೆ ಸಂಕ್ರಾಂತಿಗೆ ಬೆಳಿಗ್ಗೆ ಮೊಸರು-ಅವಲಕ್ಕಿ, ಎಳ್ಳಿನ ಉಂಡೆ. ನಮ್ಮ ಅವಲಕ್ಕಿಗೂ ಈ ಗೊಜ್ಜು ಕಲಸಬಹುದು ಅಂತ ಹೇಳಿದ್ದೇ ತಡ, ಬಾಟಲಿ ತೆಗೆದುಕೊಂಡು ಬಂದ.

ಜಾಫ್ನಾ ಅಕ್ಕನಿಗೂ ಅವತ್ತೇ ಪೊಂಗಲ್. ಅವರ ಊರಲ್ಲಿ ಅಂಗಳದಲ್ಲಿ ರಂಗೋಲಿ ಹಾಕಿ, ಮೂರು ಕಲ್ಲಿನ ಒಲೆ ಹೂಡಿ, ಸೂರ್ಯನಿಗೆ ಕಾಣುವಂತೆ ಹಾಲು ಉಕ್ಕಿಸಬೇಕು. ಇಲ್ಲಿ ಉಕ್ಕಿದ ಹಾಲು ಇಂಡಕ್ಷನ್ ಒಲೆಯ ಗುಂಡಿಗಳ ಮೇಲೆ ಹರಿದ ತಕ್ಷಣ ಒಲೆ ಕಿರಿಚಿಕೊಂಡು ಆಫ್ ಆಗುತ್ತದೆ. ಅದು ಕಿರಿಚಿದಾಗ ಅಕ್ಕ "ಪೊಂಗಲೋ ಪೊಂಗಲ್" ಅಂದರು. ನಾವೂ ಅಂದೆವು. ಆಮೇಲೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚಿದೆವು.

ಅವತ್ತು ಮಧ್ಯಾಹ್ನದ ಒಂದು ವಿಷಯ ಹೇಳುವುದು ಬಿಟ್ಟೆ. ನಮಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಬೆಂಗಳೂರಿನ ಗವಿಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಸವನ ಕೊಂಬುಗಳ ನಡುವೆ ಹಾದು ಬಿಸಿಲು ಲಿಂಗದ ಮೇಲೆ ಬೀಳುವುದನ್ನು ಟೀವಿಯವರು ವರ್ಷ ವರ್ಷ ತೋರಿಸುತ್ತಾರಲ್ಲ, ಅದು ನಮಗೆ ಹನ್ನೆರಡೂವರೆ-ಒಂದರ ಹೊತ್ತು. ಅಂದರೆ ಇಲ್ಲೂ ಇನ್ನೂ ಬೆಳಕಿರುವ ಹೊತ್ತು. ಅಮ್ಮ ಫೋನನ್ನು ಟೀವಿ ಕಡೆ ತಿರುಗಿಸಿದರು. ನಾನು ಕಿಟಕಿ ಕಡೆ ತಿರುಗಿಸಿದೆ. ದಕ್ಷಿಣದ ಬೆಟ್ಟದ ಹಿಂದೆ ತೆಳ್ಳಗೆ ಕಿತ್ತಳೆ ಗೆರೆ ಎದ್ದಿತ್ತು. "ಬರ್ತಾನೆ ಬಿಡು" ಅಂದರು ಅಮ್ಮ.

ಆಕಾಶದ ಲೆಕ್ಕದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೇ. ಪಂಚಾಂಗದ ಸಂಕ್ರಾಂತಿ ಶತಮಾನಗಳಲ್ಲಿ ಮೂರು ವಾರ ಮುಂದೆ ಸರಿದಿದೆ. ಊರಲ್ಲಿದ್ದಾಗ ಯಾರಾದರೂ ಇದನ್ನೆತ್ತಿದರೆ ಹಬ್ಬದ ದಿನ ಯಾಕಪ್ಪ ಈ ತಕರಾರು ಅನ್ನಿಸುತ್ತಿತ್ತು. ಟ್ರೊಮ್ಸೊಗೆ ಬಂದರೆ ನಮ್ಮ ಪಂಚಾಂಗವೇ ಸರಿ. ಹದಿನಾಲ್ಕಕ್ಕೆ ಸಂಕ್ರಾಂತಿ, ಹದಿನೈದರ ಹೊತ್ತಿಗೆ ಸೂರ್ಯ. ಇಷ್ಟು ಕರಾರುವಾಕ್ಕಾಗಿ ತಿಪಟೂರಲ್ಲೂ ಹೊಂದುವುದಿಲ್ಲ.

ಸಂಜೆ ಎಳ್ಳು ಬೀರುವಾಗ ನಾನು "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂದೆ. ಪುಣೆಯವಳು ತಾನು ತಂದ ಉಂಡೆ ಕೊಟ್ಟು "ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ" ಅಂದಳು. ಎರಡೂ ಒಂದೇ ಮಾತು ಅಂತ ವಿವರಿಸಿದಾಗ ಕೆಳಮನೆ ಅಜ್ಜಿ ಬಾಯಿ ತುಂಬ ಎಳ್ಳು ಇಟ್ಟುಕೊಂಡೇ ಕೇಳಿದರು, "ಎಷ್ಟು ದಿನ? ವರ್ಷ ಪೂರ್ತಿಯಾ?" ನನ್ನ ಗಂಡ ಸಿಂಕಿನ ಹತ್ತಿರದಿಂದ "ಪಾತ್ರೆ ಮುಗಿಯುವವರೆಗೆ ಸಾಕು" ಅಂದರು.

ಹುಗ್ಗಿ ಬಾಯಿಗಿಟ್ಟ ಅಜ್ಜಿಗೆ ಥಟ್ಟನೆ ಏಲಕ್ಕಿ ಗೊತ್ತಾಯಿತು. "ಅರೆ, ಇದು ನಮ್ಮದು!" ಅವರ ಬನ್ನಿನ ಹಿಟ್ಟಿಗೆ ಏಲಕ್ಕಿ ಇಲ್ಲದೆ ನಡೆಯುವುದೇ ಇಲ್ಲ. ಇದು ಬೆಳೆಯುವುದು ಕೊಡಗು, ಸಕಲೇಶಪುರದ ಕಡೆ ಅಂದರೆ ಅಜ್ಜಿ ತಲೆಯಾಡಿಸಿದರು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ಅಲ್ಲೇ ಕೂತು ತಮ್ಮ ಪಾಕ ಬರೆದುಕೊಟ್ಟರು. ಜನವರಿ 21ರ ಸೂರ್ಯನ ದಿನಕ್ಕೆ ಇಲ್ಲಿ ಸೂಲ್‌ಬೊಲ್ಲರ್ ತಿನ್ನುತ್ತಾರೆ. ಸೂಲ್ ಅಂದರೆ ಸೂರ್ಯ, ಬೊಲ್ಲರ್ ಅಂದರೆ ಬನ್ನು. ಹುಳಿ ಬಂದ ಮೈದಾ ಹಿಟ್ಟನ್ನು ಉಂಡೆ ಮಾಡಿ ಎಣ್ಣೆಯಲ್ಲಿ ಕರಿದು, ಒಳಗೆ ಜಾಮ್ ತುಂಬಿ, ಮೇಲೆ ಸಕ್ಕರೆ ಹೊರಳಿಸುವುದು. ಅಜ್ಜಿಯ ಪಾಕದಲ್ಲಿ ಒಂದು ಟೀ ಚಮಚ ಏಲಕ್ಕಿ ಪುಡಿ. ಸಮ ತೆಗೆಯಬೇಕು ಅಂತ ಕೆಳಗೆ ಗೆರೆ ಎಳೆದಿದ್ದರು.

21ರ ಬೆಳಿಗ್ಗೆ ಅವರ ಮನೆಯಲ್ಲಿ ಕರಿದೆವು. ಮೊದಲ ನಾಲ್ಕು ಹೊರಗೆ ಕಪ್ಪು, ಒಳಗೆ ಹಸಿ. ಕಜ್ಜಾಯದ ಉರಿಯಲ್ಲಿ ಬಿಟ್ಟದ್ದು ನನ್ನದೇ ತಪ್ಪು. ಇದಕ್ಕೆ ಇನ್ನೂ ಸಣ್ಣ ಉರಿ ಬೇಕು. ಉಳಿದವನ್ನು ಡಬ್ಬಿಗೆ ಹಾಕಿ, ಮಿಕ್ಕಿದ್ದ ಒಂದು ಹಿಡಿ ಎಳ್ಳು-ಬೆಲ್ಲದ ಪೊಟ್ಟಣ ಜೇಬಿಗಿಟ್ಟುಕೊಂಡು, ಹನ್ನೊಂದೂವರೆಗೆ ದಕ್ಷಿಣ ಕಾಣುವ ದಿಬ್ಬ ಹತ್ತಿದೆವು. ಪುಟ್ಟ ಮಕ್ಕಳು ಹಳದಿ ಕಾಗದದ ಸೂರ್ಯನನ್ನು ಹಣೆಗೆ ಕಟ್ಟಿಕೊಂಡು ಬಂದಿದ್ದರು. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು.

ಮೋಡ. ಬೆಟ್ಟವೇ ಕಾಣಲಿಲ್ಲ. ಅರ್ಧ ಗಂಟೆ ನಿಂತು, ಬನ್ನು ತಿಂದು, ಕೈಗವಸಿನ ಬೆರಳಲ್ಲಿ ಎಳ್ಳು ಎತ್ತಲಾಗದೆ ಅರ್ಧ ಹಿಮಕ್ಕೆ ಚೆಲ್ಲಿ, ಇಳಿದು ಬಂದೆವು. ಅಷ್ಟರಲ್ಲಿ ಅಮ್ಮನ ಫೋನು.

"ಬಂದ್ನಾ?"

"ಇಲ್ಲಮ್ಮ. ಮೋಡ."

"ಇನ್ನೂ ಕೊಬ್ಬರಿ ಇದೆಯಾ ನಿನ್ನ ಹತ್ತಿರ?"

"ಎರಡು ಗಿಟುಕು ಇದೆ."

"ಬಚ್ಚಲಲ್ಲೇ ಇಟ್ಟಿರು. ಬೂಷ್ಟು ಬಂದೀತು."