ಹೋಮ್‌ಸ್ಕೂಲ್ ಮಕ್ಕಳ ಇಂಗ್ಲಿಷ್ ಸ್ಪೆಲ್ಲಿಂಗ್: ಪಠ್ಯಕ್ರಮ ಕೊಳ್ಳುವ ಮೊದಲು

ಜೂನ್ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ ಕಡೆ ಹೋಮ್‌ಸ್ಕೂಲ್ ಮಾಡುವ, ಅಂದರೆ ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಕಲಿಸುವ ಮನೆಗಳಲ್ಲಿ ಲೆಕ್ಕ, ವಿಜ್ಞಾನದ ಪುಸ್ತಕ ಬೇಗ ತೀರ್ಮಾನವಾಗುತ್ತದೆ. ಸ್ಪೆಲ್ಲಿಂಗ್ ಹತ್ತಿರ ಬಂದು ನಿಲ್ಲುತ್ತದೆ. ಯಾವ ಕಂಪನಿಯದ್ದು ಒಳ್ಳೆಯದು ಎಂದು ಕೇಳುವುದರಿಂದ ಇದು ಬಗೆಹರಿಯುವುದಿಲ್ಲ. ಮಗು ಯಾವ ಜಾತಿಯ ತಪ್ಪು ಮಾಡುತ್ತದೆ ಎಂದು ಮೊದಲು ನೋಡಬೇಕು. ಅದಕ್ಕೆ ಇಪ್ಪತ್ತು ನಿಮಿಷ ಮತ್ತು ಒಂದು ಹಾಳೆ ಸಾಕು.

ಹೇಳಿ ಬರೆಸಲು ಐದೈದರ ಐದು ಗುಂಪು, ಒಟ್ಟು 25 ಶಬ್ದ. ಮೊದಲ ಗುಂಪು ಸಣ್ಣ ಸ್ವರದ್ದು: ಬೆಡ್, ಪಿಗ್, (ಮಡಕೆಯ) ಪಾಟ್, ಲ್ಯಾಂಪ್, ಜಂಪ್. ಎರಡನೆಯದು ಜೋಡಿ ಅಕ್ಷರದ್ದು: ಡಕ್, ಫಿಶ್, ಬೆಲ್, ಲಂಚ್, ಥಿಂಕ್. ಮೂರನೆಯದು ದೀರ್ಘ ಸ್ವರದ್ದು: ಕೇಕ್, ಬೈಕ್, (ಮಳೆಯ) ರೇನ್, ಬೋಟ್, ಲೈಟ್. ನಾಲ್ಕನೆಯದು ಪ್ರತ್ಯಯದ್ದು: ರನ್ನಿಂಗ್, ಹೋಪಿಂಗ್, ಜಂಪ್ಡ್, ಬೇಬೀಸ್, ಹ್ಯಾಪಿಯರ್. ಐದನೆಯದು ಉದ್ದದ ಶಬ್ದಗಳು: ಡಾಕ್ಟರ್, ಸ್ಟೇಷನ್, ಸೆಪರೇಟ್, ನೆಸೆಸರಿ, ಬ್ಯೂಟಿಫುಲ್. ಪ್ರತಿ ಶಬ್ದವನ್ನು ಒಮ್ಮೆ ಹೇಳಿ, ಒಂದು ವಾಕ್ಯದಲ್ಲಿ ಹೇಳಿ, ಮತ್ತೊಮ್ಮೆ ಹೇಳಿ. ನಡುವೆ ತಿದ್ದಬೇಡಿ, ಮುಖದಲ್ಲೂ ಏನೂ ತೋರಿಸಬೇಡಿ. ಒಂದು ಗುಂಪಿನಲ್ಲಿ ಎರಡು ತಪ್ಪಿದರೆ ಪಾಠ ಅಲ್ಲಿಂದ ಶುರು. ಮೂರು ತಪ್ಪಿದರೆ ಮುಂದಿನ ಗುಂಪು ಕೇಳುವುದೇ ಬೇಡ, ಮಗುವಿಗೆ ಸುಮ್ಮನೆ ಸುಸ್ತು. ವಯಸ್ಸು ಹತ್ತಾದರೂ ಎರಡನೇ ಗುಂಪಿನಲ್ಲಿ ನಿಂತರೆ ಎರಡನೇ ಗುಂಪೇ. ಪುಸ್ತಕದ ಹೊದಿಕೆಯ ಮೇಲೆ ‘ಗ್ರೇಡ್ 5’ ಎಂದಿರುವುದು ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ತಪ್ಪುಗಳನ್ನು ಎಣಿಸಿ ಬಿಡಬೇಡಿ, ಓದಿ. ಕನ್ನಡ ಲಿಪಿ ಮೊದಲು ಕಲಿತ ಮಕ್ಕಳ ತಪ್ಪಿಗೆ ಒಂದು ಕ್ರಮವೇ ಉಂಟು. ಬ್ಯಾಂಕ್ ಎಂದರೆ ಬಿ-ವೈ-ಎ-ಎನ್-ಕೆ ಎಂದು ಬರೆಯುತ್ತಾರೆ, ಯಾಕೆಂದರೆ ಕನ್ನಡದಲ್ಲಿ ಅದು ಬ ಮತ್ತು ಯ. ಆಫೀಸಿಗೆ ಎರಡು ಎ ಹಾಕುತ್ತಾರೆ, ಡಾಕ್ಟರಿನಲ್ಲೂ ಓ ಬರಬೇಕಾದ ಕಡೆ ಎ ಬರುತ್ತದೆ. ವೆಸ್ಟ್ ಎಂದರೆ ಪಶ್ಚಿಮವೋ ಒಳ ಅಂಗಿಯೋ, ನಮ್ಮ ಬಾಯಲ್ಲಿ ಎರಡೂ ಒಂದೇ ವ. ಜೀಬ್ರಾ ಜೆ ಇಂದ ಶುರುವಾಗುತ್ತದೆ. (ಕೊಂಕಣಿ ಮನೆಯ ಮಕ್ಕಳಿಗೆ ಝಡ್‌ನ ಸದ್ದು ಮನೆಮಾತಿನಲ್ಲೇ ಸಿಗುವುದುಂಟು, ಅವರಿಗೆ ಇದು ಸುಲಭ.) ಮಗು ಕೇಳಿದ್ದನ್ನು ಕನ್ನಡದ ದಾರಿಯಲ್ಲಿ ಸರಿಯಾಗಿಯೇ ಬರೆದಿದೆ, ಇದರಲ್ಲಿ ಕಿವಿಯ ದೋಷವಿಲ್ಲ. ಇಂಥ ಮಗುವಿಗೆ ಶಬ್ದಪಟ್ಟಿ ಉರು ಹೊಡೆಸುವುದು ದಂಡ. ಸದ್ದಿನಿಂದ ಅಕ್ಷರಕ್ಕೆ ಹೋಗುವ ದಾರಿಯನ್ನೇ ಹೊಸದಾಗಿ ಹಾಕಬೇಕು. ಹ್ಯಾಟ್, ಹಾಟ್, ಹಾರ್ಟ್ ಎಂದು ಮೂರು ಕಂಬ (ಕಾಲಂ) ಎಳೆದು, ದಿನಕ್ಕೆ ಹತ್ತು ಶಬ್ದ ಹೇಳಿ, ಯಾವ ಕಂಬಕ್ಕೆ ಸೇರುತ್ತದೆ ಎಂದು ಬರೆಸಿದರೆ ‘ಆ’ ಎಂಬ ಒಂದೇ ಕನ್ನಡ ಸ್ವರದ ಹಿಂದೆ ಇಂಗ್ಲಿಷಿನ ಎಷ್ಟು ಬರವಣಿಗೆ ಅಡಗಿದೆ ಎಂದು ಮಗುವಿಗೇ ಗೊತ್ತಾಗುತ್ತದೆ.

ಈಗ ಮಾರುಕಟ್ಟೆಯಲ್ಲಿ ಇರುವುದನ್ನು ನೋಡೋಣ. ಮೊದಲನೆಯದು ಸದ್ದು ಮತ್ತು ನಿಯಮ ಹಿಡಿದು ಹೋಗುವ ಪಠ್ಯಕ್ರಮ. ಅಮೆರಿಕದ ನರರೋಗ ತಜ್ಞ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ ಓದಲು ಕಷ್ಟಪಡುವ ಮಕ್ಕಳಿಗಾಗಿ ರೂಪಿಸಿದ ವಿಧಾನದ ಸಂತತಿ ಇದು. ಒಂದು ಸದ್ದು, ಅದನ್ನು ಬರೆಯುವ ಬಗೆಗಳು, ಯಾವಾಗ ಯಾವುದು ಎಂಬ ನಿಯಮ. ಕಣ್ಣು, ಕಿವಿ, ಕೈ ಮೂರಕ್ಕೂ ಕೆಲಸ. 7 ಹಂತಗಳ ‘ಆಲ್ ಅಬೌಟ್ ಸ್ಪೆಲ್ಲಿಂಗ್’ ಈ ಗುಂಪಿನದು. ದೊಡ್ಡವರು ಪಕ್ಕದಲ್ಲಿ ಕೂರಲೇಬೇಕು, ಅದೇ ಇದರ ಬೆಲೆ. ಎರಡನೆಯದು ವಾರಕ್ಕೊಂದು ಪಟ್ಟಿಯ ವರ್ಕ್‌ಬುಕ್: ಸೋಮವಾರ ಇಪ್ಪತ್ತು ಶಬ್ದ, ಶುಕ್ರವಾರ ಪರೀಕ್ಷೆ. ಅಗ್ಗ, ಮಗು ತಾನೇ ಕೂತು ಮಾಡುತ್ತದೆ. ಶುಕ್ರವಾರ ಇಪ್ಪತ್ತಕ್ಕೆ ಇಪ್ಪತ್ತು ಬಂದು ಮುಂದಿನ ಬುಧವಾರ ಅಜ್ಜಿಗೆ ಬರೆಯುವ ಪತ್ರದಲ್ಲಿ ಅದೇ ಶಬ್ದ ತಪ್ಪುತ್ತದೆ. ಪಟ್ಟಿ ಬೇರೆ, ಬರವಣಿಗೆ ಬೇರೆ ಎಂದು ಮಗುವಿನ ತಲೆಯಲ್ಲಿ ಕೂತಿರುತ್ತದೆ. ಮೂರನೆಯದು ಒಂದು ಬೇರಿನಿಂದ ಶಬ್ದ ಬೆಳೆಸುವುದು: ಇನ್, ಪಿನ್, ಸ್ಪಿನ್, ಸ್ಪಿನ್ನಿಂಗ್ ಹೀಗೆ. ಓದು ಚೆನ್ನಾಗಿದ್ದು ಬರವಣಿಗೆ ಹಿಂದಿರುವ ಒಂಬತ್ತು ಹತ್ತು ವರ್ಷದವರಿಗೆ ಹೊಂದುತ್ತದೆ. ನಾಲ್ಕನೆಯದು ಪಠ್ಯವೇ ಇಲ್ಲದ ಉಕ್ತಲೇಖನ. ಒಳ್ಳೆಯ ಗದ್ಯದ ನಾಲ್ಕು ಸಾಲು ಮಗು ಮೊದಲೇ ನೋಡಿಕೊಳ್ಳುತ್ತದೆ, ಸಂಶಯದ ಶಬ್ದ ಗುರುತಿಸುತ್ತದೆ, ಮರುದಿನ ಹೇಳಿ ಬರೆಸುತ್ತೀರಿ.

ಇನ್ನೂ ಓದಲು ಬಾರದ ಐದಾರು ವರ್ಷದವರಿಗೆ ಸ್ಪೆಲ್ಲಿಂಗ್ ಎಂದು ಬೇರೆ ಏನೂ ಬೇಡ, ಅಕ್ಷರಗಳ ಸದ್ದು ಕಲಿಸುವ ಫೋನಿಕ್ಸ್ ಸಾಕು. ಜಾಲಿ ಫೋನಿಕ್ಸ್ 42 ಸದ್ದುಗಳನ್ನು ಕಲಿಸುತ್ತದೆ. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್. ಎ-ಬಿ-ಸಿ ಬಿಟ್ಟು ಇದೇನು ಎಂದು ಅಜ್ಜ ಕೇಳಿದರೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯನ್ನು ತೋರಿಸಿ. ಅಲ್ಲೂ ಮೊದಲು ಬರುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬರೆಯಬಹುದು ಎಂಬುದೇ ಕಾರಣ.

ನಮ್ಮ ಊರಿನ ಮಕ್ಕಳಿಗೆ ನಿಯಮದ ಪಠ್ಯಕ್ರಮ ಬೆನ್ನೆಲುಬಾಗಿರಲಿ, ಉಕ್ತಲೇಖನ ಜೊತೆಗಿರಲಿ ಎಂದೇ ಹೇಳುವುದು. ಕಾಗುಣಿತ ಕಲಿತ ಮಗು ನಿಯಮಕ್ಕೆ ಒಗ್ಗಿರುತ್ತದೆ, ನಿಯಮ ಸಿಕ್ಕಿದರೆ ಖುಷಿಪಡುತ್ತದೆ. ಅಷ್ಟೇ ಅಲ್ಲ, ಇಂಗ್ಲಿಷಿನವರು ವಾರಗಟ್ಟಲೆ ಕಲಿಸುವ ಒಂದು ನಿಯಮ ಕನ್ನಡದ ಬಾಯಲ್ಲಿ ಆಗಲೇ ಉಂಟು. ಬಸ್ಸು, ಪೆನ್ನು, ಕಪ್ಪು, ಚೆಕ್ಕು: ಹ್ರಸ್ವ ಸ್ವರ, ಕೊನೆಗೆ ಒಂದೇ ವ್ಯಂಜನ, ಮೇಲೆ ಉ ಸೇರಿಸಿದರೆ ಒತ್ತು ಬರುತ್ತದೆ. ರೋಡು, ಲೈಟು, ಕೇಕು: ದೀರ್ಘವಾದರೆ ಒತ್ತಿಲ್ಲ. ಬೆಂಚು, ಬಲ್ಬು, ಡೆಸ್ಕು: ಕೊನೆಗೆ ಎರಡು ವ್ಯಂಜನವಿದ್ದರೆ ಒತ್ತಿಲ್ಲ. ರನ್ನಿಂಗಿಗೆ ಎರಡು ಎನ್, ಹೋಪಿಂಗಿಗೆ ಒಂದೇ ಪಿ, ಜಂಪಿಂಗಿಗೂ ಒಂದೇ ಪಿ ಏಕೆ ಎಂಬುದಕ್ಕೆ ಇದೇ ಉತ್ತರ. ಕಲ್ಲು–ಕಾಲು, ಹಲ್ಲು–ಹಾಲು ಹೇಳಿಸಿ, ಆಮೇಲೆ ಬಸ್ಸು–ರೋಡು, ಆಮೇಲೆ ರನ್ನಿಂಗ್–ಹೋಪಿಂಗ್. ಒಂದೇ ಪಾಠದಲ್ಲಿ ಮುಗಿಯುತ್ತದೆ. ಎಡವುವುದು ಎರಡು ಸ್ವರಗಳಲ್ಲಿ. ಬ್ಯಾಗು, ಪಾಟು ಎನ್ನುವಾಗ ನಾವು ಸ್ವರ ಎಳೆಯುತ್ತೇವೆ, ಒತ್ತು ಕೊಡುವುದಿಲ್ಲ; ಇಂಗ್ಲಿಷ್ ಲೆಕ್ಕದಲ್ಲಿ ಅವು ಹ್ರಸ್ವ, ಬ್ಯಾಗಿಂಗ್‌ನಲ್ಲಿ ಎರಡು ಜಿ ಬೇಕು. (ಕುಪ್ಪಳಿಸುವ) ಹಾಪಿಂಗೂ ಇದೇ ಜಾತಿ. ಹಾಗಾಗಿ ಅ, ಇ, ಎ ಕೇಳಿಸುವ ಶಬ್ದಕ್ಕೆ ಕನ್ನಡದ ಕಿವಿ ನಂಬಬಹುದು, ಆ ಮತ್ತು ಯಾ ಕೇಳಿಸಿದರೆ ನಂಬಬಾರದು ಎಂದು ಗೋಡೆಗೆ ಬರೆದು ಅಂಟಿಸಿ.

ಕನ್ನಡ ಅಡ್ಡ ಬರುವುದು ಶಬ್ದ ಒಡೆಯುವಾಗ. ಮಾರ್ಕೆಟ್ ಒಡೆ ಎಂದರೆ ಮಗು ಮಾ–ರ್ಕೆ–ಟ್ ಎನ್ನುತ್ತದೆ, ಕನ್ನಡದ ಅಕ್ಷರ ಅಲ್ಲೇ ಒಡೆಯುವುದು. ಪಠ್ಯಕ್ರಮಕ್ಕೆ ಬೇಕಾದದ್ದು ಮಾರ್–ಕೆಟ್. ರ‍್ಯಾಬಿಟ್, ಡಿನ್ನರ್ ಎಲ್ಲದಕ್ಕೂ ಇದೇ ಕಥೆ, ಇದು ತಿಳಿಯದಿದ್ದರೆ ಮಕ್ಕಳು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಗದ್ದದ ಕೆಳಗೆ ಕೈ ಇಟ್ಟು ಹೇಳಿಸಿ. ಗದ್ದ ಎಷ್ಟು ಸಲ ಇಳಿಯಿತೋ ಅಷ್ಟು ತುಂಡು. ನಂತರ ಎರಡು ಸ್ವರದ ನಡುವೆ ಎರಡು ವ್ಯಂಜನ ಇದ್ದರೆ ಆ ಎರಡರ ನಡುವೆ ಗೆರೆ ಎಳೆಯಲು ಹೇಳಿ.

ಆಡಿಯೋ ಕೊಡುವ ಪಠ್ಯಕ್ರಮವಾದರೆ ಒಮ್ಮೆ ಕೇಳಿ ನೋಡಿ. ಬ್ರಿಟನ್ನಿನವರ ಧ್ವನಿಯಲ್ಲಿ ಕಾರ್, ಫಾರ್ಮ್ ಶಬ್ದಗಳ ರ್ ಕೇಳಿಸುವುದಿಲ್ಲ. ನಾವು ಹೇಳಿದರೆ ಕೇಳಿಸುತ್ತದೆ, ಬರೆಯುವವನಿಗೆ ಅದು ಲಾಭ. ನಮ್ಮವರು ಸ್ವರ ನುಂಗದೆ ಹೇಳುವುದೂ ಲಾಭವೇ: ಸೆಪ್–ಎ–ರೇಟ್ ಎಂದು ಬಿಡಿಸಿ ಹೇಳಿದರೆ ನಡುವಿನ ಎ ಮರೆಯುವುದಿಲ್ಲ, ವೆಡ್–ನೆಸ್–ಡೇ ಎಂದು ಬರೆಯುವಾಗ ಮಾತ್ರ ಮನಸ್ಸಿನಲ್ಲಿ ಹೇಳಿಕೊಂಡರಾಯಿತು. ಆದ್ದರಿಂದ ಉಕ್ತಲೇಖನ ಹೇಳುವುದು ನೀವೇ ಆಗಿರಲಿ. ಎಗ್ಗಿಗೆ ‘ಯೆಗ್’, ಫಿಲ್ಮಿಗೆ ‘ಫಿಲಿಮ್’ ಎನ್ನುವ ಅಭ್ಯಾಸ ನಿಮಗೇ ಇದ್ದರೆ ಅದನ್ನು ಮೊದಲು ತಿದ್ದಿಕೊಳ್ಳಿ, ಮಾರಾಯ್ರೆ, ಮಗು ಹೇಳಿದ ಹಾಗೆಯೇ ಬರೆಯುತ್ತದೆ.

ಅಮೆರಿಕದ ಪಠ್ಯಕ್ರಮದಲ್ಲಿ ಕಲರಿಗೆ ಯು ಇರುವುದಿಲ್ಲ, ಸೆಂಟರ್ ಇ-ಆರ್ ಇಂದ ಮುಗಿಯುತ್ತದೆ, ಟ್ರಾವೆಲಿಂಗಿಗೆ ಒಂದೇ ಎಲ್. ನಮ್ಮ ಪಠ್ಯಪುಸ್ತಕ, ಪತ್ರಿಕೆಗಳಲ್ಲಿ ಬ್ರಿಟಿಷ್ ಕ್ರಮ. ಮುಂದೆ ಕೇಂದ್ರದ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನ ಸೆಕೆಂಡರಿ (ಕನಿಷ್ಠ ವಯಸ್ಸು 14) ಬರೆಸುವ ಯೋಚನೆ ಇದ್ದರೆ ಮೊದಲ ದಿನದಿಂದಲೇ ಬ್ರಿಟಿಷ್ ಕ್ರಮ ಹಿಡಿಯಿರಿ. ಹೊಸ ಹಂತ ತೆರೆಯುವ ಮೊದಲು ಪೆನ್ಸಿಲಿನಲ್ಲಿ ಇಡೀ ಪಟ್ಟಿ ತಿದ್ದಿಟ್ಟರೆ ಸಾಕು, ಅದಕ್ಕಾಗಿ ಪಠ್ಯಕ್ರಮ ಬಿಡಬೇಕಾಗಿಲ್ಲ.

ಸಾಮಗ್ರಿಯ ವಿಷಯ. ಅಕ್ಷರದ ಬಿಲ್ಲೆ ಇದ್ದರೆ ಮಗು ತಪ್ಪಲು ಹೆದರುವುದಿಲ್ಲ, ಸರಿಸಿ ಮತ್ತೆ ಇಡುತ್ತದೆ. ಹೊರದೇಶದ ಕಿಟ್ ತರಿಸಿದರೆ ಸಾಗಾಟ, ಸುಂಕ ಸೇರಿ ಪುಸ್ತಕಕ್ಕಿಂತ ಅದೇ ದುಬಾರಿಯಾಗಬಹುದು. ಮನೆಯಲ್ಲೇ ಮಾಡಿ: 300 ಜಿಎಸ್‌ಎಂ ಕಾರ್ಡು, 3 ಸೆಂ.ಮೀ. ಚೌಕ. ವ್ಯಂಜನ ಎರಡೆರಡು, ಸ್ವರ ನಾಲ್ಕು ನಾಲ್ಕು. ಸ್ವರ ಕೆಂಪು, ವ್ಯಂಜನ ನೀಲಿ. ಎಸ್‌ಎಚ್, ಸಿಎಚ್, ಟಿಎಚ್, ಸಿಕೆ, ಎನ್‌ಜಿ, ಎಐ, ಇಇ, ಓಎ ಇವುಗಳನ್ನು ಜೋಡಿಯಾಗಿ ಒಂದೇ ಬಿಲ್ಲೆಯಲ್ಲಿ ಬರೆಯಿರಿ, ಒಂದು ಸದ್ದಿಗೆ ಒಂದು ಬಿಲ್ಲೆ ಎಂಬುದೇ ಅದರ ಅರ್ಥ. ಮಂಗಳೂರಿನ ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಲ್ಯಾಮಿನೇಟ್ ಮಾಡಿಸುವುದಾದರೆ ಮೊದಲು ಕತ್ತರಿಸಿ, ಬಿಡಿಬಿಡಿಯಾಗಿ ಜೋಡಿಸಿ, ಸುತ್ತ 2 ಮಿ.ಮೀ. ಪ್ಲಾಸ್ಟಿಕ್ ಅಂಚು ಉಳಿಯುವಂತೆ ಮಾಡಿಸಿ. ಲ್ಯಾಮಿನೇಟ್ ಮಾಡಿ ಆಮೇಲೆ ಕತ್ತರಿಸಿದರೆ ಅಂಚಿನಿಂದ ತೇವ ಹೋಗಿ ಜುಲೈ ತಿಂಗಳಲ್ಲಿ ಬಿಲ್ಲೆ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಮ್ಯಾಗ್ನೆಟ್ ಬೋರ್ಡಿನ ತಗಡು ನಮ್ಮ ಉಪ್ಪು ಗಾಳಿಗೆ ಅಂಚಿನಲ್ಲಿ ತುಕ್ಕು ಹಿಡಿಯುತ್ತದೆ. ಬೋರ್ಡು ಬಿಟ್ಟು ಮೇಜಿನ ಮೇಲೆ ಇಟ್ಟರೂ ಪಾಠ ನಡೆಯುತ್ತದೆ. ಬಿಲ್ಲೆಗಳು, ಕಲಿತ ಶಬ್ದ ಬರೆದಿಟ್ಟ ಕಾರ್ಡುಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಲಿ.

ದಿನಕ್ಕೆ 20 ನಿಮಿಷ, ವಾರಕ್ಕೆ ನಾಲ್ಕು ದಿನ. ಮೂರು ನಿಮಿಷ ಹಳೆಯ ಕಾರ್ಡು, ಐದು ನಿಮಿಷ ಬಿಲ್ಲೆಯಲ್ಲಿ ಹೊಸ ನಿಯಮ, ಏಳು ನಿಮಿಷ ಕೈಬರಹದಲ್ಲಿ ಶಬ್ದ, ಉಳಿದದ್ದು ಎರಡು ವಾಕ್ಯದ ಉಕ್ತಲೇಖನ. ವಾರಕ್ಕೆ ಹೊಸ ಶಬ್ದ ಹತ್ತು ದಾಟಬಾರದು. ಕಾರ್ಡಿನ ಡಬ್ಬಿಗೆ ಮೂರು ಖಾನೆ: ದಿನದ್ದು, ವಾರದ್ದು, ತಿಂಗಳದ್ದು. ಸರಿ ಬಂದರೆ ಕಾರ್ಡು ಒಂದು ಖಾನೆ ಮುಂದೆ, ತಪ್ಪಿದರೆ ನೇರ ದಿನದ ಖಾನೆಗೆ ವಾಪಸು. ಉಕ್ತಲೇಖನದ ವಾಕ್ಯಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ಇಂಗ್ಲಿಷ್ ಪುಸ್ತಕಗಳ ಪಿಡಿಎಫ್ ಬಿಟ್ಟಿ ಸಿಗುತ್ತದೆ; ಮಗುವಿನ ಓದಿಗಿಂತ ಒಂದು ತರಗತಿ ಕೆಳಗಿನದು ತೆಗೆದುಕೊಳ್ಳಿ. ಕಥೆ ಬರೆಯುವಾಗ ಸ್ಪೆಲ್ಲಿಂಗ್ ಎತ್ತಬೇಡಿ. ತಪ್ಪುಗಳನ್ನು ಪಕ್ಕದಲ್ಲಿ ಗುರುತಿಟ್ಟುಕೊಂಡು ಮರುದಿನದ ಕಾರ್ಡಿಗೆ ಹಾಕಿ, ಕಲಿಸಿದ ನಿಯಮದ್ದು ಮಾತ್ರ.

ಕನ್ನಡಕ್ಕೆ ಇಂಥ ಪಠ್ಯಕ್ರಮ ಬೇಡ. ಗುಣಿತಾಕ್ಷರ, ಒತ್ತಕ್ಷರ ಕೈಗೆ ಬಂದ ಮೇಲೆ ಉಳಿಯುವುದು ನಾಲ್ಕೈದು ಜಾತಿಯ ತಪ್ಪು: ಮಹಾಪ್ರಾಣ ಬಿಡುವುದು (ತುಳು ಮನೆಗಳಲ್ಲಿ ಹೆಚ್ಚು, ಮಾತಿನಲ್ಲೇ ಅದು ಇಲ್ಲ), ಶ–ಷ ಅದಲುಬದಲು, ದೀರ್ಘ ಮರೆಯುವುದು, ಅರ್ಕಾವತ್ತನ್ನು ತಪ್ಪು ಅಕ್ಷರದ ಮೇಲೆ ಹಾಕುವುದು. ಹತ್ತು ನಿಮಿಷದ ಉಕ್ತಲೇಖನ ವಾರಕ್ಕೆ ಎರಡು ಸಲ ಸಾಕು. ಆದರೆ ಕನ್ನಡದ ಹಾಳೆ ಇನ್ನೊಂದು ಕೆಲಸಕ್ಕೆ ಬರುತ್ತದೆ. ಎಂಟು ವರ್ಷ ದಾಟಿದ ಮಗು ಒಂದೇ ಪುಟದಲ್ಲಿ ಒಂದೇ ಇಂಗ್ಲಿಷ್ ಶಬ್ದವನ್ನು ಮೂರು ಬಗೆಯಲ್ಲಿ ಬರೆಯುತ್ತಿದ್ದರೆ ಕನ್ನಡ ಉಕ್ತಲೇಖನ ಕೊಟ್ಟು ನೋಡಿ. ಕನ್ನಡ ಸಲೀಸಾಗಿದ್ದರೆ ಕಲಿಸಿದ ಕ್ರಮದಲ್ಲಿ ತೊಂದರೆ ಇರುವುದೇ ಹೆಚ್ಚು. ಕನ್ನಡದಲ್ಲೂ ಅಕ್ಷರ ಬಿಡುತ್ತಿದ್ದರೆ, ಅಥವಾ ತಪ್ಪಿಲ್ಲದಿದ್ದರೂ ತೀರಾ ನಿಧಾನವಾಗಿದ್ದರೆ, ಇನ್ನೊಂದು ಪುಸ್ತಕ ಕೊಳ್ಳುವ ಹಣದಲ್ಲಿ ಕಲಿಕೆಯ ತೊಂದರೆ ಪರೀಕ್ಷಿಸುವ ತಜ್ಞರನ್ನು ಕಾಣಿ.

ಆರು ವಾರ ನೋಡಿ ತೀರ್ಮಾನಿಸಿ, ಅದಕ್ಕೂ ಮೊದಲು ಪಠ್ಯಕ್ರಮ ಬದಲಿಸಬೇಡಿ. ಮರುಪರೀಕ್ಷೆಗೆ ಅದೇ 25 ಶಬ್ದ ಬೇಡ, ಅದೇ ಗುಂಪುಗಳ ಬೇರೆ ಶಬ್ದ ಕೊಡಿ. ಕಲಿಸಿದ ಗುಂಪಿನಲ್ಲಿ ತಪ್ಪು ಒಂದಕ್ಕಿಳಿದಿದ್ದರೆ ಮುಂದಕ್ಕೆ ಹೋಗಿ. ಹನ್ನೊಂದು ಹನ್ನೆರಡರ ಮಗು ಐದೂ ಗುಂಪು ದಾಟಿ, ಬರೆದ ಒಂದು ಪುಟದಲ್ಲಿ ಎರಡು ಮೂರೇ ತಪ್ಪು ಮಾಡುತ್ತಿದ್ದರೆ ಪಠ್ಯಕ್ರಮ ಅಲ್ಲಿಗೆ ಬಿಡಿ. ತಪ್ಪಿದ ಶಬ್ದದ ನೋಟುಬುಕ್ಕು ಮತ್ತು ಒಂದು ನಿಘಂಟು ಸಾಕು.